ಹರಕೆಯ ಮಗನ ಕಾಲುಚೀಲ

ಕಾಲುಚೀಲದ ಹಿಮ್ಮಡಿಯಲ್ಲಿ ಬೀಳುವ ತೂತು ಯಾರಿಗೂ ಕಾಣುವುದಿಲ್ಲವೆಂದು ನಂಬಿರುವವರು ಆಂಗ್ಲಿಕನ್ ಚರ್ಚಿನಲ್ಲಿ ಮೊಣಕಾಲೂರಿದವರಲ್ಲ. ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಪ್ರಭುಭೋಜನಕ್ಕೆಂದು ವೇದಿಯ ಕಟಕಟೆಯ ಮುಂದೆ ಮಂಡಿಯೂರಿದಾಗ ಮುಖವೇನೋ ದೇವರ ಕಡೆಗಿರುತ್ತದೆ, ಅಂಗಾಲು ಮಾತ್ರ ಸಮಸ್ತ ಸಭೆಗೆ ಅಭಿಮುಖವಾಗಿರುತ್ತದೆ. ಆದ್ದರಿಂದ ಓದುಗ ಮಹಾಶಯರೇ, ನನ್ನದೊಂದು ಬಿಟ್ಟಿ ಸಲಹೆ: ಅಂಗಿಯಲ್ಲಿ ಬೇಕಾದರೆ ಮಿತವ್ಯಯ ಸಾಧಿಸಿ, ಕಾಲುಚೀಲದಲ್ಲಿ ಬೇಡ. ಡಜನ್ ಜೊತೆಗಳ ಕಟ್ಟನ್ನು ಚೌಕಾಸಿ ಮಾಡಿ ತಂದು ಮನೆಮಂದಿಗೆಲ್ಲ ಹಂಚಿ ಬೀಗುವ ನಾನು ಈ ಸಲಹೆಯನ್ನು ಸ್ವತಃ ಪಾಲಿಸಿಲ್ಲ ಎಂಬುದು ಬೇರೆ ಮಾತು.

ಬೂಟು ಬಿಚ್ಚಿ ಹೋಗುವ ದರ್ದೇನಿತ್ತು ಎಂದು ನೀವು ಕೇಳಬಹುದು. ಗದಗಿನ ನಮ್ಮ ಸಭೆಯಲ್ಲಿ ಎಲ್ಲರೂ ಪಾದರಕ್ಷೆಗಳನ್ನು ಬಾಗಿಲಲ್ಲೇ ಬಿಡುತ್ತಿದ್ದರು. ಪಕ್ಕದ ಗುಡಿಗೂ ಎದುರಿನ ಮಸೀದಿಗೂ ನಮಗೂ ಆ ಒಂದು ವಿಷಯದಲ್ಲಿ ಸಂಪೂರ್ಣ ಮತೈಕ್ಯವಿತ್ತು. ಇಲ್ಲಿ ಅಮೆರಿಕದ ಡೆಟ್ರಾಯ್ಟ್ ಪಕ್ಕದ ರಾಚೆಸ್ಟರ್ ಹಿಲ್ಸಿನಲ್ಲಿ ಜನ ಹಿಮವನ್ನೂ, ಅದನ್ನು ಕರಗಿಸಲು ರಸ್ತೆಗೆ ಎರಚಿದ ಉಪ್ಪನ್ನೂ ಮೆತ್ತಿಕೊಂಡ ಬೂಟುಗಳಲ್ಲೇ ವೇದಿಯವರೆಗೆ ನಡೆಯುತ್ತಾರೆ. ನಾನೊಬ್ಬನೇ ಬೆಂಚಿನ ಕೆಳಗೆ ಬೂಟು ತಳ್ಳಿ, ಬರಿಯ ಕಾಲುಚೀಲದಲ್ಲಿ ಬೆಕ್ಕಿನಂತೆ ಸಾಗುತ್ತೇನೆ. ಇಷ್ಟು ವರ್ಷಗಳಲ್ಲಿ ಯಾರೂ ಕಾರಣ ಕೇಳಿಲ್ಲ. "ಅವರು ಕೇಳಂಗಿಲ್ಲರೀ, ಆದರ ಎಲ್ಲಾ ನೋಡತಾರ," ಎನ್ನುತ್ತಾಳೆ ನನ್ನ ಹೆಂಡತಿ ಸುಶೀಲಾ. ಅವಳು ಅಮೆರಿಕಕ್ಕೆ ಬಂದ ಮೊದಲ ಭಾನುವಾರದಿಂದಲೇ ಬೂಟು ಬಿಚ್ಚುವುದನ್ನು ಬಿಟ್ಟವಳು.

ನಮ್ಮ ಸ್ಥಿತಿಯೇ ಹೀಗೆ, ಹೊಸ್ತಿಲ ಮೇಲಿನದು. ಕನ್ನಡ ಕೂಟದ ಊಟದ ಸಾಲಿನಲ್ಲಿ ಬೆಂಗಳೂರಿನವರೊಬ್ಬರು, "ನೀವು ನೋವೈ ಟೆಂಪಲ್‌ಗೆ ಬರಲ್ವಾ?" ಎಂದು ವಿಚಾರಿಸುತ್ತಾರೆ. ಚರ್ಚಿಗೆ ಹೋಗುತ್ತೇವೆಂದರೆ, "ಓ, ಯಾವಾಗ ಕನ್ವರ್ಟ್ ಆದ್ರಿ?" ಎನ್ನುತ್ತಾರೆ. ಚರ್ಚಿನ ಕಾಫಿಯ ಮೇಜಿನ ಬಳಿ ಬಿಳಿಗೂದಲಿನ ಅಜ್ಜಿಯೊಬ್ಬರೂ ಅಕ್ಷರಶಃ ಅದನ್ನೇ ಕೇಳುತ್ತಾರೆ. ನನ್ನ ಮುತ್ತಜ್ಜನ ಕಾಲದ ಆ ವಿದ್ಯಮಾನಕ್ಕೆ ನಾನು ಪ್ರತಿವಾರ ಜವಾಬ್ದಾರನಾಗಬೇಕು.

ಆದರೆ ನನ್ನನ್ನು ನಿಜವಾಗಿ ಕಾಡುತ್ತಿದ್ದದ್ದು ಇದಲ್ಲ, ಒಂದು ಹರಕೆ. ಎರಡು ವರ್ಷದ ಕೂಸಾಗಿದ್ದಾಗ ನನಗೆ ವಿಷಮಶೀತ ಜ್ವರ ಬಂದು ಡಾಕ್ಟರರು ಕೈಚೆಲ್ಲಿದ್ದರಂತೆ. ಅವ್ವ ನನ್ನನ್ನು ದೇವರಿಗೆ ಒಪ್ಪಿಸುತ್ತೇನೆಂದು ಹರಸಿಕೊಂಡಳಂತೆ. "ಈ ಹುಡುಗ ಅಯ್ಯನವರಾಗುವವ," ಎಂದು ಅಪ್ಪ ಪ್ರಾರ್ಥನಾಕೂಟಗಳಲ್ಲೆಲ್ಲ ಸಾರುತ್ತಿದ್ದ. ನಮ್ಮಲ್ಲಿ ಪಾದ್ರಿಗಳನ್ನು ಹಾಗೆ ಕರೆಯುವುದು. ನಾನಾದರೋ ಮುಚ್ಚಿದ ಕಾರ್ಖಾನೆಗಳಿಂದ ಹಳೆಯ ಲೇತ್ ಯಂತ್ರಗಳನ್ನು ಕೊಂಡು ಮಾರುವವನಾದೆ. ಡೆಟ್ರಾಯ್ಟಿನ ಎಂಥ ಘಟಾನುಘಟಿಯನ್ನೂ ಮಾತಿನಲ್ಲಿ ಮಣಿಸಿ ಮಾಲು ಎತ್ತಿಸಿಕೊಂಡು ಬಂದವನಿಗೆ, ತಾನೇ ತಲುಪಬೇಕಾದಲ್ಲಿಗೆ ತಲುಪದೆ ಉಳಿದ ಮಾಲು ಎಂಬ ಅಳುಕು ಮಾತ್ರ ಕೊನೆಯವರೆಗೂ ತಪ್ಪಲಿಲ್ಲ.

ಕಳೆದ ವರ್ಷ ವ್ಯವಹಾರವನ್ನು ಪಾಲುದಾರನಿಗೆ ಒಪ್ಪಿಸಿದ ಮೇಲೆ ನೆಪಗಳೆಲ್ಲ ಮುಗಿದವು. ನಮ್ಮ ಚರ್ಚಿನ ಪಾದ್ರಿ ಮಾರ್ಗರೆಟ್ ಅವರ ಮುಂದೆ ನಿಂತು, ನನಗೆ ಪಾದ್ರಿಯಾಗುವ ದೀಕ್ಷೆ ಬೇಕೆಂದೆ. ಆಂಗ್ಲಿಕನರು ಯಾವುದನ್ನೂ ಅವಸರದಲ್ಲಿ ಮಾಡುವವರಲ್ಲ. ನನಗೆ ನಿಜವಾಗಿಯೂ ದೇವರ ಕರೆ ಬಂದಿದೆಯೇ ಎಂದು ಪರಿಶೀಲಿಸಲು ಸಭೆಯ ಐವರ ಮಂಡಳಿಯೊಂದು ನೇಮಕವಾಯಿತು. ಪ್ರತಿ ತಿಂಗಳೂ ಅವರೊಡನೆ ಮೌನವಾಗಿ ಕುಳಿತು, ಆಮೇಲೆ ಮೌನದಲ್ಲಿ ಕೇಳಿಸಿದ್ದನ್ನು ಹೇಳಬೇಕು. ಧ್ಯಾನಮುದ್ರೆಯಲ್ಲಿ ಕಣ್ಣು ಮುಚ್ಚಿದರೆ ನನಗೆ ಚರ್ಚನ್ನು ಬೆಚ್ಚಗಿಡುವ ಹಳೆಯ ಬಾಯ್ಲರಿನ ಕೊರಗು ಕೇಳಿಸುತ್ತಿತ್ತು. ಅದನ್ನು ಬದಲಿಸಲು ಯಾರನ್ನು ಹಿಡಿಯಬೇಕು, ಎಲ್ಲಿಂದ ಮಾತು ಶುರುಮಾಡಬೇಕು ಎಂಬ ಯೋಜನೆ ಸಾಂಗವಾಗಿ ರೂಪುಗೊಳ್ಳುತ್ತಿತ್ತು. ಪ್ರಾಮಾಣಿಕವಾಗಿ ಅದನ್ನೇ ಹೇಳಿದೆ. ಐವರೂ ಸೌಜನ್ಯದಿಂದ ತಲೆದೂಗಿದರು. ಬಾಯ್ಲರು ಬದಲಾಯಿತು, ನಾನು ಬದಲಾಗಲಿಲ್ಲ.

ರಾತ್ರಿಯೂಟದ ಹೊತ್ತಿಗೆ ಒಂದು ದಿನ ಸುಶೀಲಾ ಬಾಯಿಬಿಟ್ಟಳು. "ನೀವು ಪಾದ್ರಿ ಆದ್ರ ಸಾಯೋರ ಹಾಸಿಗಿ ಬಾಜೂಕ ಸುಮ್ಮನ ಕೂಡಬೇಕಾಗತದ. ಕೂಡ್ತೀರೇನು? ಶವಪೆಟ್ಟಿಗಿ ಎಲ್ಲಿ ಅಗ್ಗ ಸಿಗತದ ಅಂತ ಸಲಹಾ ಕೊಡ್ತೀರಿ." ನಾನು ನಗಲಿಲ್ಲ, ಏಕೆಂದರೆ ಅಂಥದೊಂದು ಅಂಗಡಿ ನನಗೆ ಗೊತ್ತಿತ್ತು. ಮನಸ್ಸಿಲ್ಲದ ಕೆಲಸಕ್ಕೆ ಕೈಹಾಕಿದರೆ ದೇವರಿಗೆ ಮೋಸ, ಕೈಬಿಟ್ಟರೆ ತೀರಿಹೋದ ಅವ್ವನಿಗೆ ಮೋಸ ಎಂಬ ಇಕ್ಕಟ್ಟಿನಲ್ಲಿ ನನ್ನ ನಿದ್ದೆಯೂ ಹಾರಿಹೋಗಿತ್ತು.

ಮಂಡಳಿಯ ಕೊನೆಯ ಬೈಠಕ್ಕಿಗೆ ಮುಂಚೆ, ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ತನ್ನ ಡಾಕ್ಟರ್ ಮಗಳ ಮನೆಯಲ್ಲಿರುವ ಚಿಕ್ಕವ್ವನನ್ನು ನೋಡಲು ಹೊರಟೆವು. ಅವ್ವನ ತಂಗಿ, ಆ ಕಾಲದ ಸಾಕ್ಷಿಯಾಗಿ ಉಳಿದವಳು ಅವಳೊಬ್ಬಳೇ. ಐದು ತಾಸು ಡ್ರೈವ್ ಮಾಡಿದ್ದು ಆಶೀರ್ವಾದ ಪಡೆಯಲೆಂದು ಸುಶೀಲಳಿಗೆ ಹೇಳಿದ್ದೆ. ವಾಸ್ತವವಾಗಿ ಹೋದದ್ದು, ಯಾರಾದರೂ ಬೇಡವೆನ್ನಲಿ ಎಂಬ ಆಸೆಯಿಂದ.

ಚಿಕ್ಕವ್ವ ರೊಟ್ಟಿ ಮುರಿಯುತ್ತ ನನ್ನ ಪ್ರವರವನ್ನೆಲ್ಲ ಕೇಳಿದಳು.

"ಅಯ್ಯನವರ ಆಗಬೇಕಂತ ಯಾರೋ ಅಂದಿದ್ದು?"

"ಅವ್ವನ ಹರಕಿ ಅಲ್ಲೇನು, ಚಿಕ್ಕವ್ವ?"

"ಅದು ನಿಮ್ಮಪ್ಪ ಕಟ್ಟಿದ ಕಥಿ. ದವಾಖಾನ್ಯಾಗ ನಿಮ್ಮವ್ವ ನನ್ನ ಕೈ ಹಿಡಕೊಂಡ ಪ್ರಾರ್ಥನಾ ಮಾಡಿದ್ಲು. ಸ್ವಾಮಿ, ಈ ಕೂಸು ಉಳಿದ್ರ ನಿನ್ನ ಸಭೆ ಬಾಗಲದಾಗ ಕುಂತು ಮಂದಿ ಚಪ್ಪಲಿ ಕಾಯ್ತಾನ ಅಂದ್ಲು. ಸಾಲಿ ಮುಗಿಯೋ ತನಕಾ ಕಾಯ್ದಿಲ್ಲೇನು ನೀ? ಹರಕಿ ಆವತ್ತ ತೀರಿತು."

"ಅಷ್ಟನ?"

"ಅಷ್ಟ. ನಿನ್ನ ಬಾಯಿ ಕೇಳಿದ ಮ್ಯಾಲೆ ನಿನ್ನ ಕಡೆ ಸಭೆಯಾಗ ಉಪದೇಶ ಮಾಡಸೂ ಧೈರ್ಯ ಆಕಿಗೆಲ್ಲಿ ಬರಬೇಕು?"

ಪ್ರತಿ ಭಾನುವಾರ ಅವ್ವ ನನ್ನನ್ನು ಬಾಗಿಲ ಬಳಿ ಚಪ್ಪಲಿಗಳ ರಾಶಿಯ ಮುಂದೆ ಕೂರಿಸುತ್ತಿದ್ದದ್ದು, ಒಳಗೆ ಗದ್ದಲ ಮಾಡುತ್ತೇನೆಂಬ ಕಾರಣಕ್ಕೆ ಕೊಟ್ಟ ಶಿಕ್ಷೆಯೆಂದು ತಿಳಿದಿದ್ದೆ. ಯಾರದು ಯಾವುದೆಂದು ನೆನಪಿಟ್ಟು, ಆರಾಧನೆ ಮುಗಿದೊಡನೆ ಅವರವರ ಕಾಲಬುಡಕ್ಕೆ ಸರಿಸುವುದರಲ್ಲಿ ನಾನು ನಿಸ್ಸೀಮನಾಗಿದ್ದೆ, ಸಂತೋಷವಾಗಿಯೂ ಇದ್ದೆ. ಷರತ್ತು ಓದದೆ ಯಾವ ಕರಾರಿಗೂ ತಲೆಬಾಗಬೇಡಿ ಎಂದು ಊರಿಗೆಲ್ಲ ಉಪದೇಶಿಸಿದವನು, ತನ್ನ ಜೀವದ ಕರಾರಿನ ಷರತ್ತನ್ನು ಅವ್ವನಿರುವಾಗ ಒಮ್ಮೆಯೂ ಕೇಳಿರಲಿಲ್ಲ. ವಾಪಸು ಬರುವಾಗ ಹಿಮ ಸುರಿಯುತ್ತಿದ್ದರೂ ದಾರಿಯುದ್ದಕ್ಕೂ ಕೀರ್ತನೆ ಹಾಡಿದೆ. ಶ್ರುತಿ ತಪ್ಪಿದಾಗಲೂ ಸುಶೀಲಾ ಆಕ್ಷೇಪಿಸಲಿಲ್ಲ.

ನನಗೆ ಕರೆ ಬಂದಿಲ್ಲವೆಂದು ಮಂಡಳಿಗೆ ತಿಳಿಸಿದಾಗ ಮಾರ್ಗರೆಟ್, "ದೇವರಿಗೆ ಸ್ತೋತ್ರ," ಎಂದರು. ಆ ಮಾತನ್ನು ಅವರು ಅಷ್ಟು ಮನಸಾರೆ ಹೇಳಿದ್ದನ್ನು ನಾನು ಪ್ರಾರ್ಥನೆಯಲ್ಲೂ ಕೇಳಿರಲಿಲ್ಲ. ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳಿದರು. ಬೂಟು ಬಿಡುವವರಿಗಾಗಿ ಬಾಗಿಲ ಬಳಿ ನಾಲ್ಕು ರಬ್ಬರ್ ತಟ್ಟೆಗಳನ್ನು ಇಡಲು ಅನುಮತಿ ಬೇಕೆಂದೆ.

ಈಗ ಭಾನುವಾರಗಳಲ್ಲಿ ನಾನು ಬಾಗಿಲಲ್ಲಿರುತ್ತೇನೆ. ಬಿಚ್ಚಲೇಬೇಕೆಂದು ಯಾರಿಗೂ ಹೇಳುವುದಿಲ್ಲ, ಒದ್ದೆ ಬೂಟಿಗೆ ಯಾವ ಎಣ್ಣೆ ಒಳ್ಳೆಯದೆಂಬ ಸಲಹೆಯನ್ನು ಮಾತ್ರ ಕೊಡುತ್ತೇನೆ. ಮೊದಲ ವಾರ ತಟ್ಟೆಗಳು ಖಾಲಿ ಉಳಿದವು. ಎರಡನೆಯ ವಾರ ಸುಶೀಲಾ ನನ್ನೆದುರು ನಿಂತು, ನನ್ನ ತೋಳು ಹಿಡಿದುಕೊಂಡು, ಒಂದೊಂದೇ ಬೂಟು ಕಳಚಿದಳು. ಇಷ್ಟು ವರ್ಷ ಯಾಕೆ ಬಿಚ್ಚಲಿಲ್ಲವೆಂದು ಕೇಳಿದೆ.

"ಇಲ್ಲೆ ಬೂಟು ಯಾರ ಕಾಯ್ತಿದ್ರು?" ಎಂದಳು.

ಹಿಂದಿನಿಂದ ನೋಡುವ ಭಾಗ್ಯ ನನಗೆ ಇದೇ ಮೊದಲು. ಕಟಕಟೆಯ ಮುಂದೆ ಉಪ್ಪು ಮೆತ್ತಿದ ಬೂಟುಗಳ ಸಾಲಿನ ನಡುವೆ ಅವಳ ಎರಡು ಅಂಗಾಲುಗಳು, ನಾನು ತಂದ ಕಟ್ಟಿನದೇ ಕಾಲುಚೀಲ, ಎಡಗಾಲಿನ ಹಿಮ್ಮಡಿಯಲ್ಲಿ ದುಂಡನೆಯ ಒಂದು ತೂತು. ಇಡೀ ಸಭೆ ನೋಡುತ್ತಿತ್ತು. ನಾನು ಅವಳ ಬೂಟುಗಳನ್ನು ತಟ್ಟೆಯಿಂದ ಎತ್ತಿ, ಒರೆಸಿ, ಅವಳು ಬರುವ ದಿಕ್ಕಿಗೆ ತಿರುಗಿಸಿಟ್ಟೆ.