ಪೂಜೆಗಿಟ್ಟ ಸ್ಟ್ಯಾಂಡ್

ಆ ಕಬ್ಬಿಣದ ಸ್ಟ್ಯಾಂಡನ್ನು ಪೂಜೆಗೆ ಇಟ್ಟವಳು ನಾನು. ಅಣ್ಣ ಕೇಳಿದಾಗ ಕೊಡದೆ ಹೋದವಳೂ ನಾನೇ.

ವಸಂತಪುರದ ಮನೆಯಲ್ಲಿ ನಾವಿಬ್ಬರೇ. ಅತ್ತಿಗೆ ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು, ನಾನು ಮದುವೆಯಾದವಳಲ್ಲ. ಕಾರ್ಖಾನೆಯಿಂದ ರಿಟೈರ್ ಆದದ್ದೇ ತಡ, ಅಣ್ಣ ಅಂಜನಾಪುರದ ಗುಜರಿ ಅಂಗಡಿಯಿಂದ ಒಂದು ಹಳೇ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಬೇರೆಯವರು ಕಾರಿಡುವ ಜಾಗದಲ್ಲಿ ನಮ್ಮಲ್ಲಿ ಟ್ರ್ಯಾಕ್ಟರ್, ಅದರ ಹಿಂದೆ ಮಣ್ಣು ಸಮ ಮಾಡುವ ಭಾರಿ ಬ್ಲೇಡು. ಬೀದಿಯವರು ನಕ್ಕರು. ನಾನು ಮೊದಲು ನಕ್ಕೆ, ಆಮೇಲೆ ರೇಗಿದೆ, ಕೊನೆಗೆ ಅಭ್ಯಾಸವಾಯಿತು.

ಇಂಜಿನ್ ಬೇಗ ಸರಿಹೋಯಿತು. ಸತಾಯಿಸಿದ್ದು ಹೈಡ್ರಾಲಿಕ್. ಎಣ್ಣೆಯ ಒತ್ತಡದಿಂದ ಬ್ಲೇಡನ್ನು ಎತ್ತಿ ಹಿಡಿಯಬೇಕಾದ ಎರಡು ತೋಳುಗಳು ಎತ್ತುತ್ತಿದ್ದವು, ಹಿಡಿದು ನಿಲ್ಲುತ್ತಿರಲಿಲ್ಲ. ಎತ್ತಿಟ್ಟು ಒಳಗೆ ಬಂದು ಕಾಫಿ ಕುಡಿದು ಹೋಗುವಷ್ಟರಲ್ಲಿ ಒಂದು ಗೇಣು ಇಳಿದಿರುತ್ತಿತ್ತು. ಒಂದಿಷ್ಟೂ ಸದ್ದಿಲ್ಲದೆ. ನನಗೆ ಹೆದರಿಕೆಯಾಗುತ್ತಿದ್ದದ್ದೇ ಅದಕ್ಕೆ. ಪಕ್ಕದ ಗೋಡೆಯ ಮೇಲೆ ಬಳಪದಲ್ಲಿ ಗೆರೆ ಎಳೆದು ಅಳೆಯುತ್ತಿದ್ದೆ. ಮೂವತ್ತು ವರ್ಷ ಪಾಠ ಮಾಡಿದವಳ ಚಟ.

ಅಣ್ಣ ಎಣ್ಣೆ ಬಸಿದ. ನೀರು ಸೇರಿ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು. ಒಳಗಿನ ಪಿಸ್ಟನ್ನಿನ ರಬ್ಬರ್ ರಿಂಗ್ ಸವೆದುಹೋಗಿತ್ತು. ಕಲಾಸಿಪಾಳ್ಯದ ಅಂಗಡಿಯವನು, "ಒರಿಜಿನಲ್ ಎಲ್ಲೂ ಸಿಗಲ್ಲ ಸಾರ್, ಇದು ಅಡ್ಜಸ್ಟ್ ಆಗತ್ತೆ" ಎಂದು ಇನ್ನೊಂದು ಕೊಟ್ಟನಂತೆ. ಆ ಮಾತು ನನಗೆ ಹಿಡಿಸಲಿಲ್ಲ. ಆದರೂ ಹೊಸ ರಿಂಗ್ ಹಾಕಿದ ಮೇಲೆ ಬ್ಲೇಡು ನನ್ನ ಗೆರೆಗೆ ಸರಿಯಾಗಿ ಎರಡು ದಿನ ನಿಂತಿತು. ಹಾಗೆ ನಿಂತಾಗಲೂ ಕೆಳಗೆ ಆಸರೆಯಾಗಿ ಆ ಸ್ಟ್ಯಾಂಡ್ ಕೊಡದೆ ಅಣ್ಣ ಕೈ ಹಾಕಿದವನಲ್ಲ.

ಆಯುಧಪೂಜೆ ಬಂತು. ಬೆಳಿಗ್ಗೆ ಬ್ಲೇಡಿನ ಕೆಳಗೆ ನಾನು ರಂಗೋಲಿ ಬಿಡುವಾಗ ಅಣ್ಣ ನನಗಾಗಿ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದ್ದ. ಮುಗಿದ ಮೇಲೆ ಅದನ್ನು ಎಳೆದುಕೊಂಡು, ತೊಳೆದು, ಸ್ಪ್ಯಾನರ್ ಸುತ್ತಿಗೆ ಜಾಕ್‌ಗಳ ಜೊತೆ ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನ ವಿಜಯದಶಮಿ ಪೂಜೆ ಆಗುವವರೆಗೆ ಮುಟ್ಟಬಾರದು. ಅಮ್ಮನ ಕಾಲದ ಕಟ್ಟುನಿಟ್ಟು. ಅಮ್ಮನಿಗಿಂತ ಜಾಸ್ತಿ ನಾನೇ ಅದನ್ನು ಪಾಲಿಸುತ್ತಿದ್ದೆ.

ಸಂಜೆ ಕಾರ್ಖಾನೆಯ ಹಳೆಯ ಗೆಳೆಯರು ಟ್ರ್ಯಾಕ್ಟರ್ ನೋಡಲು ಬರುವವರಿದ್ದರು. ಬೀದಿಯುದ್ದಕ್ಕೂ ಒಡೆದ ಬೂದುಗುಂಬಳದ ಹೋಳುಗಳು ಕುಂಕುಮ ಮೆತ್ತಿಕೊಂಡು ಬಿದ್ದಿದ್ದವು. ನಾಲ್ಕು ಗಂಟೆಗೆ ಹೋಗಿ ನೋಡಿದರೆ ರಂಗೋಲಿಯ ನಡುವೆ ಕಪ್ಪಗೆ ಎಣ್ಣೆ ತೊಟ್ಟಿಕ್ಕಿತ್ತು. ಗೆರೆ ನೋಡಿದೆ.

"ಅಣ್ಣಾ, ಎರಡು ಬೆರಳು ಇಳಿದಿದೆ."

ಅವನು ಬಂದು ಬಗ್ಗಿ ನೋಡಿದ. "ಪೂರ್ತಿ ಇಳಿಸಿದ್ರೆ ನಿನ್ನ ರಂಗೋಲಿ ಹಾಳಾಗತ್ತೆ. ಒರೆಸಿಬಿಡ್ತೀನಿ, ಆ ಸ್ಟ್ಯಾಂಡ್ ಕೊಡೇ."

"ಪೂಜೆಗಿಟ್ಟಿರೋದು ಅದು."

"ಒಂದ್ನಿಮಿಷ ಕಣೇ."

"ಅರ್ಧ ನಿಮಿಷಾನೂ ಇಲ್ಲ. ನಾಳೆ ತನಕ ಮುಟ್ಬಾರ್ದು ಅಂತ ಗೊತ್ತಿಲ್ವಾ ನಿಂಗೆ?"

ಗೇಟಿನ ಹತ್ತಿರ ಸ್ಕೂಟರ್‌ಗಳು ನಿಂತ ಸದ್ದಾಯಿತು. ಅಣ್ಣ ನನ್ನ ಮುಖ ನೋಡಿದ, ಗೇಟಿನ ಕಡೆ ನೋಡಿದ. ಹಳೇ ಬಟ್ಟೆ ತೆಗೆದುಕೊಂಡು ಕುಕ್ಕರಗಾಲಲ್ಲಿ ಕೂತು ಬ್ಲೇಡಿನ ಕೆಳಗೆ ಕೈ ಚಾಚಿದ. ನಾನು ಗೋಡೆಯ ಗೆರೆಯನ್ನೇ ನೋಡುತ್ತಿದ್ದೆ, ಕಣ್ಣಿಟ್ಟು ಕಾಯ್ದರೆ ಸಾಕೆನ್ನುವವಳಂತೆ. ಬಿದ್ದದ್ದು ಕಾಣಿಸಲೇ ಇಲ್ಲ. ದಪ್ ಎಂದದ್ದಷ್ಟೇ ಕೇಳಿಸಿತು, ಆಮೇಲೆ ಅಣ್ಣನ ಕೂಗು.

ಗೆಳೆಯರೇ ಓಡಿ ಬಂದು ಬ್ಲೇಡು ಎತ್ತಿದರು. ಆ ಅಡ್ಜಸ್ಟ್ ಆಗುವ ರಿಂಗ್ ಒಮ್ಮೆಲೇ ಕಿತ್ತುಹೋಗಿತ್ತಂತೆ. ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಯಲ್ಲಾಗಲಿ ಮನೆಗೆ ಬಂದ ಮೇಲಾಗಲಿ ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ನಿದ್ದೆಯಾದರೂ ಬರುತ್ತಿತ್ತು.

ಈ ವರ್ಷದ ಆಯುಧಪೂಜೆಯ ಬೆಳಿಗ್ಗೆ ಸ್ಟ್ಯಾಂಡ್ ತೊಳೆಯಲೆಂದು ತೆಗೆದುಕೊಂಡೆ. ಅಣ್ಣ ಎಡಗೈಯಿಂದ ಅದನ್ನು ಇಸಿದುಕೊಂಡು, ಎತ್ತಿಟ್ಟ ಬ್ಲೇಡಿನ ಕೆಳಗೆ ತಳ್ಳಿ ನಿಲ್ಲಿಸಿದ.

"ಇಲ್ಲೇ ಹಚ್ಚು ಕುಂಕುಮ."

ಬಗ್ಗಿ ಕೈ ಚಾಚಿದೆ. ಹಚ್ಚಿ ಮುಗಿಸುವವರೆಗೂ ಅವನು ಬಲಗೈಯಲ್ಲಿ ಉಳಿದ ಎರಡು ಬೆರಳುಗಳಿಂದ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.