ಬೆಡ್‌ಶೀಟಿನ ಮಡಿಕೆಯಲ್ಲಿಟ್ಟ ಫೈಲು

ಚೈತ್ರಾ, ಹೈದರಾಬಾದಿನಲ್ಲಿ ನಿನ್ನ ವಿಮಾನ ತಪ್ಪಿದ್ದು ನಿಮ್ಮಪ್ಪನಿಂದಲ್ಲ. ನಾನು ತಪ್ಪಿಸಿದೆ. ತಪ್ಪಲಿ ಎಂದೇ ಆ ಟಿಕೆಟ್ ಮಾಡಿದ್ದೆ.

ಎಂಟು ವರ್ಷದಿಂದ ಈ ಮಾತು ಬಾಯಿಯವರೆಗೆ ಬಂದು ಹಿಂದಕ್ಕೆ ಹೋಗಿದೆ. ಇವತ್ತು ಬರೆದೇಬಿಡುತ್ತೇನೆ.

ನನ್ನ ಮಗಳು ಲತಾಳನ್ನು ಅಹಮದಾಬಾದಿಗೆ ಕೊಟ್ಟ ಮೇಲೆ ನಾನು ವರ್ಷಕ್ಕೆರಡು ಸಲ ಓಡಾಡಿ, ಅಗ್ಗದ ವಿಮಾನಗಳ ಒಳಹೊರಗೆಲ್ಲ ಕಲಿತಿದ್ದೆ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಯಾರು ಎಲ್ಲಿಗೆ ಹಾರಬೇಕಾದರೂ ನಿನ್ನ ಈ ದೊಡ್ಡಮ್ಮನ ಫೋನೇ. ಎರಡು ಬೇರೆ ಬೇರೆ ಕಂಪನಿಯ ಟಿಕೆಟ್ ತೆಗೆದರೆ ಒಬ್ಬರಿಗೆ ಇನ್ನೊಬ್ಬರ ಸಂಬಂಧವೇ ಇರುವುದಿಲ್ಲ. ಮೊದಲನೆಯದು ಇಳಿದ ಕಡೆ ಬ್ಯಾಗು ಬರುವವರೆಗೆ ಕಾಯಬೇಕು, ಹೊರಗೆ ಹೋಗಬೇಕು, ಮತ್ತೆ ಒಳಗೆ ಬಂದು ಕೌಂಟರಿನಲ್ಲಿ ಕೊಡಬೇಕು. ಆ ಕೌಂಟರು ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ತಪ್ಪಿದರೆ ಕೇಳುವವರಿಲ್ಲ. ನಾನೇ ಒಮ್ಮೆ ಮುಂಬೈಯಲ್ಲಿ ಉಪ್ಪಿನಕಾಯಿ ಡಬ್ಬ ಹಿಡಿದು ಅಳುತ್ತಾ ನಿಂತವಳು. ಅದಕ್ಕೇ ಯಾರಿಗೆ ಮಾಡಿಕೊಟ್ಟರೂ ನಡುವೆ ನಾಲ್ಕು ಗಂಟೆ ಬಿಡುತ್ತಿದ್ದೆ — ನಿನಗೊಬ್ಬಳಿಗೆ ಬಿಟ್ಟು.

ನಿನಗೆ ರಾಯಪುರದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಕೊನೆಯ ಸುತ್ತು. ಮಾರನೆಯ ದಿನ ಸಂಜೆ ಐದರೊಳಗೆ ಅಸಲಿ ಸರ್ಟಿಫಿಕೇಟುಗಳನ್ನು ಹಿಡಿದು ನೀನೇ ಹಾಜರಾಗಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ಬೆಂಗಳೂರಿನಿಂದ ಹೈದರಾಬಾದಿಗೆ ಬೆಳಿಗ್ಗೆ ಆರಕ್ಕೊಂದು ವಿಮಾನವಿತ್ತು, ಸೀಟೂ ಖಾಲಿಯಿತ್ತು. ನಾನು ಅದನ್ನು ದಾಟಿ ನಿನಗೂ ಜೊತೆಗೆ ಬರುವ ನಿಮ್ಮಪ್ಪನಿಗೂ ಕೆಳಗಿನದನ್ನು ಒತ್ತಿದೆ. ಅದು ಇಳಿಯುವುದು ಒಂಬತ್ತು ಐವತ್ತಕ್ಕೆ, ರಾಯಪುರದ್ದು ಹೊರಡುವುದು ಹನ್ನೊಂದು ಹತ್ತಕ್ಕೆ. ಬ್ಯಾಗು ಕೊಡಲು ಉಳಿಯುವುದು ಇಪ್ಪತ್ತು ನಿಮಿಷ.

ನಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದ. "ಟೈಮ್ ಸಾಕಾಗುತ್ತಾ ಅತ್ತಿಗೆ? ನಂಗೇನೂ ಗೊತ್ತಾಗಲ್ಲ, ನೀವ್ ಹೇಳ್ದಂಗೆ."

"ಸಾಕು ಕಣಪ್ಪ ನಾರಾಯಣಪ್ಪ. ಒಂದೂಕಾಲು ಗಂಟೆ ಐತೆ. ಕಾಫಿ ಕುಡ್ಕೊಂಡ್ ಹೋಗ್ಬಹುದು."

ಇಷ್ಟಕ್ಕೇ ನಿಲ್ಲಿಸಿದ್ದರೂ ನೀನು ಮುಟ್ಟುತ್ತಿದ್ದೆ. ಬೋರ್ಡಿಂಗ್ ಪಾಸ್ ಪ್ರಿಂಟ್ ಕೈಯಲ್ಲಿತ್ತು, ದೊಡ್ಡ ಬ್ಯಾಗನ್ನು ಅಲ್ಲೇ ಬಿಟ್ಟು ಓಡಿದ್ದರೆ ಸಾಕಿತ್ತು. ಅದು ನನಗೂ ಹೊಳೆಯಿತು — ನೀನು ಫೈಲನ್ನು ಎದೆಗವಚಿಕೊಂಡು ನಮಸ್ಕಾರ ಮಾಡಲು ಬಂದಾಗ. ನಾನದನ್ನು ನಿನ್ನ ಕೈಯಿಂದ ತೆಗೆದುಕೊಂಡೆ.

"ಕೈಲಿಟ್ಕೊಂಡ್ರೆ ಮುದುರಿಹೋಗುತ್ತೆ ಕಣಮ್ಮ. ದೊಡ್ಡ ಬ್ಯಾಗಲ್ಲಿಡ್ತೀನಿ, ಭದ್ರವಾಗಿರುತ್ತೆ."

ಬೆಡ್‌ಶೀಟಿನ ಮಡಿಕೆ ಬಿಡಿಸಿ, ಫೈಲು ಇಟ್ಟು, ಮತ್ತೆ ಮಡಿಚಿ, ಜಿಪ್ಪಿಗೆ ಬೀಗ ಹಾಕಿದೆ. ನೀನು ಕಾಲಿಗೆ ಬಿದ್ದೆ. ಕುಂಕುಮ ಇಟ್ಟು ಕಳಿಸಿದೆ.

ಹತ್ತು ನಲವತ್ತಕ್ಕೆ ನಿಮ್ಮಪ್ಪನ ಫೋನು. "ಅತ್ತಿಗೆ, ಬ್ಯಾಗ್ ಈಗ್ ಬಂತು. ಕೌಂಟ್ರು ಮುಚ್ಬಿಟ್ಟವ್ರೆ, ಗೇಟೂ ಮುಚ್ತಾವ್ರಂತೆ. ಬ್ಯಾಗ್ ಬಿಟ್ ಓಡಣ ಅಂತ ಮಗು ಆಗ್ಲೇ ಅಂದ್ಲು, ಫೈಲು ಅದ್ರಲ್ಲೇ ಐತಲ್ಲ... ಪ್ಲೇನು ಇನ್ನೂ ಇಲ್ಲೇ ನಿಂತೈತಂತೆ ಅತ್ತಿಗೆ, ಏನಾದ್ರೂ ಮಾಡಿ."

ಹಿಂದೆ ನೀನು ಅಳುವುದು ಕೇಳಿಸಿತು. "ನೋಡ್ತೀನಿ ಇರಪ್ಪ" ಎಂದು ಫೋನು ಇಟ್ಟೆ. ಏನೂ ನೋಡಲಿಲ್ಲ. ಅವತ್ತು ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಎರಡನೇ ಮುದ್ದೆ ಹಾಕಿಕೊಂಡು ಉಂಡೆ, ಚೈತ್ರಾ. ರುಚಿಯಾಗಿತ್ತು.

ನೀವು ರಾತ್ರಿ ರಾಯಪುರ ಮುಟ್ಟುವ ಹೊತ್ತಿಗೆ ಆಫೀಸು ಮುಚ್ಚಿತ್ತು. ಬೆಳಿಗ್ಗೆ ನಿನ್ನ ಸೀಟಿನಲ್ಲಿ ಬೇರೆ ಹೆಸರಿತ್ತು.

ಊರಿಗೆ ಬಂದ ಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ನೆಂಟರೆಲ್ಲ ಕೂತಿದ್ದಾಗ, ಹೊತ್ತು ಎಲ್ಲಿ ಹೋಯಿತು ಎಂದು ಕೇಳಿದೆ. ನಿಮ್ಮಪ್ಪ ಮುಚ್ಚುಮರೆ ಇಲ್ಲದೆ, "ಒಂದೈದ್ ನಿಮಿಷ ಬಾತ್‌ರೂಮಿಗೆ ಹೋಗಿದ್ದೆ" ಎಂದ. ಅವನು ಹೋದಾಗ ಬ್ಯಾಗು ಬರುವ ಬೆಲ್ಟು ಇನ್ನೂ ತಿರುಗಲು ಶುರುವೇ ಆಗಿರಲಿಲ್ಲ — ಅದನ್ನೂ ಅವನೇ ಹೇಳಹೊರಟಿದ್ದ. ನಾನು ಬಿಡಲಿಲ್ಲ. "ಪ್ಲೇನಂದ್ರೆ ಚಿಂತಾಮಣಿ ಬಸ್ಸು ಅನ್ಕೊಂಡ್ಯೇನಪ್ಪ? ಕೈ ತೋರ್ಸಿದ್ರೆ ನಿಲ್ಸ್‌ತಾರಾ?" ಎಲ್ಲರೂ ನಕ್ಕರು. ಅವನೂ ನಕ್ಕ. ನೀನು ಎದ್ದು ಒಳಗೆ ಹೋದೆ.

ಯಾಕೆ ಮಾಡಿದೆ? ಲತಾಳಿಗೂ ಒಮ್ಮೆ ದೂರದೂರಿನಲ್ಲಿ ಸೀಟು ಸಿಕ್ಕಿತ್ತು. ಅವತ್ತು ನಿಮ್ಮಪ್ಪ ನಮ್ಮ ಜಗಲಿಯಲ್ಲಿ ಕೂತು, "ಹೆಣ್ಮಗೀಗೆ ಅಷ್ಟ್ ದೂರ ಯಾಕತ್ತಿಗೆ? ಪಾತ್ರೆ ತೊಳ್ಯಕ್ಕೆ ಡಿಗ್ರಿ ಬೇಕಾ?" ಎಂದಿದ್ದ. ನಿಮ್ಮ ದೊಡ್ಡಪ್ಪ ತಲೆಯಾಡಿಸಿದರು. ಆರು ತಿಂಗಳಲ್ಲಿ ಲತಾಳ ಮದುವೆಯಾಯಿತು. ಅದೇ ಮನುಷ್ಯ ತನ್ನ ಮಗಳ ಸೀಟಿಗೆ ನನ್ನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ —

ಇದನ್ನು ಕಾರಣವೆಂದು ಹೇಳುತ್ತಿಲ್ಲ. ಅವತ್ತೇ ಅವನಿಗೆ ಎದುರು ಮಾತಾಡಬಹುದಿತ್ತು. ಬಾಯಿ ಮುಚ್ಚಿಕೊಂಡು ಕಾಫಿ ಕೊಟ್ಟೆ. ಧೈರ್ಯ ಬಂದದ್ದು ಹದಿನೆಂಟು ವರ್ಷದ ಹುಡುಗಿಯ ಮೇಲೆ.

ಈಗ ನೀನು ಗೌರಿಬಿದನೂರಿನ ಸೊಸೆ. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಡಬ್ಬಗಳಿಗೆ ಲೇಬಲ್ ಅಂಟಿಸುತ್ತೀಯ. ಹಬ್ಬಕ್ಕೆ ಬಂದರೆ, "ಅವ್ರನ್ನ ಊಟಕ್ಕೆ ಕರಿಯಮ್ಮ" ಎನ್ನುತ್ತೀಯ — ಅಪ್ಪ ಎನ್ನುವುದಿಲ್ಲ. ನೀನಿರುವಷ್ಟು ದಿನ ಅವನು ಹೊರಗೆ ಜಗಲಿಯ ಮೇಲೇ ಕೂತಿರುತ್ತಾನೆ. ನಾನು ಎಲ್ಲವನ್ನೂ ನೋಡಿಕೊಂಡು ಹಪ್ಪಳ ಕರಿದಿದ್ದೇನೆ.

ಕಳೆದ ವಾರ ಅವನು ಹಿತ್ತಲ ಬಾಗಿಲಿಗೆ ಬಂದ. "ಅತ್ತಿಗೆ, ನಿಜ ಹೇಳಿ. ಅವತ್ತು ನಾನ್ ಬಾತ್‌ರೂಮಿಗ್ ಹೋಗ್ದೆ ಇದ್ದಿದ್ರೆ ಪ್ಲೇನ್ ಸಿಕ್ತಿತ್ತಾ?"

"ಸಿಕ್ತಿತ್ತೇನೋ ಕಣಪ್ಪ" ಎಂದೆ. ಎಂಟು ವರ್ಷದ ಮೇಲೂ ಅದನ್ನೇ ಎಂದೆ. ಅವನು ತಲೆಯಾಡಿಸಿ ಹೋದ. ನಾನು ಬಿಡಿಸುತ್ತಿದ್ದ ಸೊಪ್ಪು ಹಾಗೇ ಬಾಡಿತು.

ನಿನ್ನೆ ರಾತ್ರಿ ಇಲ್ಲಿಯವರೆಗೆ ಬರೆದು, ಇವತ್ತು ಬೆಳಿಗ್ಗೆ ಅವನನ್ನು ಕೂರಿಸಿ ಓದಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಗೋಡೆ ಹಿಡಿದು ಎದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ಅತ್ತಿಗೆ ಎನ್ನದೆ ಮಾತಾಡಿದ.

"ಅವ್ಳಿಗ್ ಯಾವಾಗ ಕೊಡ್ತೀರ?"

"ಭಾನುವಾರ."

"ಇವತ್ತೇ ಕೊಡಿ."

ಹೊರಟಿದ್ದೇನೆ. ಶಿಫ್ಟು ಬಿಡುವ ಹೊತ್ತಿಗೆ ನಿನ್ನ ಫ್ಯಾಕ್ಟರಿ ಗೇಟಿನಲ್ಲಿ ಇದನ್ನು ಕೈಗೆ ಕೊಟ್ಟು ಹಿಂದಿರುಗುತ್ತೇನೆ, ನಿನ್ನ ಮನೆಯ ಹೊಸಿಲು ತುಳಿಯುವುದಿಲ್ಲ. ಓದಿದ ಮೇಲೆ ಅವನಿಗೆ ಫೋನು ಮಾಡು. ಅಪ್ಪ ಎಂದು ಒಂದು ಸಲ ಕರೆ. ನನ್ನನ್ನು ಏನೂ ಕರೆಯಬೇಡ.