ಒರೆಸಿದರೂ ಹೋಗದ ಮಸುಕು

ಬೆಳಗಿನ ಜಾವ ನಾಲ್ಕೂವರೆ. ಪಾವಗಡ ಬಳಿಯ ತಿರುಮಣಿ ಊರಿನಲ್ಲಿ, ತಮ್ಮ ಮನೆಯ ತಾರಸಿ ಮೇಲೆ ಕದಿರಯ್ಯ ಮಫ್ಲರ್ ಸುತ್ತಿಕೊಂಡು, ದೂರದರ್ಶಕಕ್ಕೆ ಮೊಬೈಲ್ ಕಟ್ಟಿ ನಿಂತಿದ್ದಾರೆ; ನೋಡಲು ಬಂದ ನಾನು ಪಕ್ಕದಲ್ಲಿದ್ದೇನೆ. ಒಂದೊಂದು ಫೋಟೊಗೂ ನಾಲ್ಕು ಸೆಕೆಂಡು. ಅಷ್ಟರಲ್ಲಿ ಭೂಮಿ ತಿರುಗಿ ಗುರಿ ಜಾರುತ್ತದೆ; ಕೊಳವೆಯನ್ನು ಬೆರಳ ತುದಿಯಿಂದ ಚೂರೇ ತಳ್ಳಿ ಮತ್ತೆ ಕ್ಲಿಕ್ಕಿಸುತ್ತಾರೆ. ಸಪ್ತರ್ಷಿ ಮಂಡಲದಲ್ಲಿ ಅವರು ಹಿಡಿಯಹೊರಟಿರುವುದು ಗೂಬೆ ನೀಹಾರಿಕೆಯನ್ನು. ಸಾಯುತ್ತಿರುವ ನಕ್ಷತ್ರವೊಂದು ಬಿಟ್ಟ ಅನಿಲದ ಉಂಡೆ ಅದು, ಬರಿಗಣ್ಣಿಗೆ ಕಾಣುವುದಿಲ್ಲ. ಐದೂಕಾಲಿಗೆ ಕೆಲಸದ ವ್ಯಾನ್ ಬರುತ್ತದೆ.

ನಲವತ್ತಾರರ ಕದಿರಯ್ಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುತ್ತಾರೆ. ಬಿಸಿಲೇರಿ ಗಾಜು ಕಾಯುವ ಮೊದಲೇ ದಿನಕ್ಕೆ ಮುನ್ನೂರು ಮುಗಿಯಬೇಕು. ಅವುಗಳಲ್ಲಿ ಕೆಲವು ನಿಂತಿರುವುದು ಅವರೇ ಗುತ್ತಿಗೆಗೆ ಕೊಟ್ಟ ಹೊಲದಲ್ಲಿ. “ಮೊದ್ಲು ಅಲ್ಲಿ ಕಳೆ ಕೀಳ್ತಿದ್ದೆ, ಈಗ ಧೂಳು ಒರೆಸ್ತೀನಿ. ಬೆನ್ನು ಬಗ್ಸೋದು ಮಾತ್ರ ತಪ್ಪಿಲ್ಲ ಸಾರ್.”

ದೂರದರ್ಶಕ ಪಾವಗಡದ ನಿವೃತ್ತ ವಿಜ್ಞಾನ ಮೇಷ್ಟ್ರು ದೊಡ್ಡರಂಗಪ್ಪನವರದು. ಮಂಡಿನೋವಿನಿಂದ ತಾರಸಿ ಹತ್ತಲಾಗದ ಅವರು, ತಮಗೆ ಸಿಗದೇ ಉಳಿದ ಆ ಗೂಬೆಯ ಫೋಟೊ ತೆಗೆದುಕೊಡು ಎಂದು ಹಳೇ ಶಿಷ್ಯನಿಗೆ ಅದನ್ನು ಒಪ್ಪಿಸಿದ್ದಾರೆ.

ದೀಪಾವಳಿ ಹೊತ್ತಿಗೆ ಒಂದು ಎಡವಟ್ಟಾಯಿತು. ದೂರದರ್ಶಕದೊಳಗಿನ ಕನ್ನಡಿಯ ಮೇಲೆ ಧೂಳು ಕಂಡದ್ದೇ ತಡ, ಕದಿರಯ್ಯ ಪ್ಯಾನೆಲ್ ಉಜ್ಜುವ ಬ್ರಷ್ಷಿನಲ್ಲೇ ತಿಕ್ಕಿಬಿಟ್ಟರು. ಮನೆಯ ಕನ್ನಡಿಗೆ ಹೊಳಪಿನ ಲೇಪ ಗಾಜಿನ ಹಿಂದಿರುತ್ತದೆ, ಇದಕ್ಕೆ ಮುಂದೆಯೇ. ಅಂಗೈಯಗಲ ಲೇಪ ಕಿತ್ತುಬಂತು. “ಏಳು ವರ್ಷದಿಂದ ಗಾಜು ಒರೆಸ್ತಿರೋ ಕೈ, ನಂಗೇನು ಯೋಳ್ಕೊಡ್ತಾರೆ ಅನ್ಕಂಡ್ಬುಟ್ಟೆ. ಮೇಷ್ಟ್ರಿಗೆ ಇನ್ನೂ ಯೋಳಿಲ್ಲ. ಬರಿಗೈಲಿ ಹೆಂಗೋಗ್ಲಿ?” ಕೆಲಸ ಬಲ್ಲವನೇ ಮಾಡಬಲ್ಲ ತಪ್ಪು ಇದು. ನನಗೆ ಪಾಪ ಅನ್ನಿಸುತ್ತದೆ.

ಕನ್ನಡಿಗೆ ಬೆಳಕು ಕಮ್ಮಿಯಾಯಿತು, ಫೋಟೊಗಳ ಲೆಕ್ಕ ಏರಿತು. ಇಪ್ಪತ್ತಾರು ಮುಂಜಾವು, ನಾಲ್ಕು ಸಾವಿರ ಚಿತ್ರ. ಅರ್ಧಕ್ಕರ್ಧ ಗಾಳಿಗೆ ಅಲುಗಿ ಹಾಳು. ಉಳಿದದ್ದನ್ನು ಒಂದರ ಮೇಲೊಂದು ಕೂಡಿಸಿದರೇ ಗೂಬೆ ಮೂಡೀತು. ಅವರ ಕಣ್ಣು ಕೆಂಪಗಾಗಿದೆ, ಕೂತರೆ ಏಳಲಾಗದು. ನೋಡುವ ನನಗೇ ಸುಸ್ತು.

ಹೆಂಡತಿ ರಾಜಲಕ್ಷ್ಮಮ್ಮ ಟೀ ತರುತ್ತಾರೆ. ನಿನ್ನೆಯವರೆಗಿನದನ್ನು ಕೂಡಿಸಿದ ಚಿತ್ರವನ್ನು ಕದಿರಯ್ಯ ಮೊಬೈಲಿನಲ್ಲಿ ತೋರಿಸುತ್ತಾರೆ. ಕಪ್ಪು ಪರದೆ, ನಡುವೆ ಬೂದಿ ಬಣ್ಣದ ಗುಂಡನೆಯ ಮಸುಕು.

“ಗಲೀಜಾಗೈತೆ,” ಎಂದು ಆಕೆ ಸೆರಗಿನಿಂದ ಒರೆಸುತ್ತಾರೆ. ಇನ್ನೊಮ್ಮೆ ಒತ್ತಿ ಒರೆಸುತ್ತಾರೆ. “ಹೋಗ್ತಾನೇ ಇಲ್ವಲ್ಲ!”

ಆ ಬೆಳಗಿನಲ್ಲಿ ಮೊದಲ ಸಲ ಕದಿರಯ್ಯ ನಗುತ್ತಾರೆ. “ಹೋಗಲ್ಲ ಬುಡೇ. ಅದೇ ಗೂಬೆ.”

ಕೆಳಗೆ ವ್ಯಾನ್ ಹಾರನ್ ಹೊಡೆಯುತ್ತದೆ. ಕದಿರಯ್ಯ ಬ್ರಷ್ ಹೆಗಲಿಗೇರಿಸುತ್ತಾರೆ. “ಇವತ್ತಿನ ಮುನ್ನೂರು ಒರೆಸ್ಬುಟ್ಟು ಸಂಜೆ ಮೇಷ್ಟ್ರ ಮನೇಗೆ ಹೋಗ್ತೀನಿ ಸಾರ್. ಬೈಸ್ಕಳಾಕೆ ಈಗ ಧೈರ್ಯ ಬಂದೈತೆ.”